ಸಣ್ಣ ಉಪಕಾರಕ್ಕೂ ಒಂದು ಅಳತೆಯಿದೆ

ಜೂನ್ ಎರಡನೇ ವಾರ ದಾಟಿತೆಂದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಊರುಗಳಲ್ಲಿ ಮನೆಯಿಂದ ಮನೆಗೆ ಹೋಗಿಬರುವುದೇ ಒಂದು ಕೆಲಸವಾಗುತ್ತದೆ. ನಡುವೆ ಗದ್ದೆ, ಹಳ್ಳ, ಜಾರುವ ಕಾಲುಸಂಕ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ, ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ನಿಂತುಹೋಗುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ಕೆಲವು ಕಡೆ ಒಬ್ಬರೇ. ಇಂಥ ಕಡೆ ಒಂಟಿತನ ಬರೀ ಬೇಸರವಾಗಿ ಉಳಿಯುವುದಿಲ್ಲ. ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಬಿಪಿ ಮಾತ್ರೆ ಮುಗಿದರೂ ತರಿಸಿಕೊಳ್ಳುವ ಉಮೇದು ಇರುವುದಿಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು.

ಬೇರೆಯವರಿಗೆ ಒಳ್ಳೆಯದು ಮಾಡಿದರೆ ನಮ್ಮ ಮನಸ್ಸು ಹಗುರಾಗುತ್ತದೆ ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗಕ್ಕೆ ಒಡ್ಡಿ ನೋಡಿದ್ದಾರೆ. ಮಾತು ನಿಜ, ಆದರೆ ಎಲ್ಲ ಉಪಕಾರದಿಂದಲೂ ಅಲ್ಲ, ಹೇಗೆ ಮಾಡಿದರೂ ಅಲ್ಲ. ಎಷ್ಟು ಮಾಡಬೇಕು, ಯಾವಾಗ ಮಾಡಬೇಕು, ಯಾವಾಗ ಅದು ತಿರುಗಿ ನಮ್ಮನ್ನೇ ದಣಿಸುತ್ತದೆ ಎಂಬುದಕ್ಕೆಲ್ಲ ಸಾಕಷ್ಟು ಸ್ಪಷ್ಟ ಉತ್ತರಗಳಿವೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಲಾಭ ದೊಡ್ಡದೇನಲ್ಲ. 2018ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಲಿವರ್ ಕರಿ ಮತ್ತು ಸಂಗಡಿಗರು ಅದುವರೆಗಿನ 27 ಅಧ್ಯಯನಗಳನ್ನು, ಅಂದರೆ 4,045 ಜನರ ವಿವರಗಳನ್ನು, ಒಟ್ಟಿಗೆ ಇಟ್ಟು ನೋಡಿದರು. ಉಪಕಾರ ಮಾಡಿದವರ ನೆಮ್ಮದಿ ಹೆಚ್ಚಿದ್ದು ಕಂಡಿತು. ಹೆಚ್ಚಳ ಮಾತ್ರ ಸಣ್ಣದರಿಂದ ಮಧ್ಯಮ ಮಟ್ಟದ್ದು. ಆದರೂ ಇದನ್ನು ಕಡೆಗಣಿಸಬಾರದು. ಖರ್ಚಿಲ್ಲ, ಅಡ್ಡ ಪರಿಣಾಮ ಕಡಿಮೆ, ಇಂದು ಸಂಜೆಯೇ ಶುರು ಮಾಡಬಹುದು. ಜೊತೆಗೆ ಇದರ ಲಾಭ ಇನ್ನೊಬ್ಬರಿಗೂ ಸಲ್ಲುತ್ತದೆ. ಮಾತ್ರೆಗೆ ಆ ಗುಣವಿಲ್ಲ.

ಒಳಗೆ ನಡೆಯುವುದೇನು

ಮನಸ್ಸು ಕುಗ್ಗಿದಾಗ ಎರಡು ಸಂಗತಿಗಳು ಒಂದನ್ನೊಂದು ಬೆಳೆಸುತ್ತವೆ. ಮೊದಲನೆಯದು ಒಂದೇ ಯೋಚನೆ ಸುತ್ತುವುದು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ತೋಟಕ್ಕೆ ಬಂದ ಕೊಳೆರೋಗ, ಸೊಸೈಟಿಯಲ್ಲಿ ಕಟ್ಟಬೇಕಾದ ಕಂತು, ಫೋನ್ ಮಾಡದ ಮಗ. ಮತ್ತೆ ತೋಟ, ಮತ್ತೆ ಕಂತು. ಎರಡನೆಯದು ಹಿಂದೆ ಸರಿಯುವುದು. ಮದುವೆ ಮನೆಗೆ ಹೋಗಲು ಮನಸ್ಸಿಲ್ಲ, ಸಂಘದ ಸಭೆ ತಪ್ಪಿಸಿದರಾಯಿತು, ಯಾರೋ ಬಂದರೆ ಒಳಗೇ ಇದ್ದುಬಿಡೋಣ. ಹೀಗೆ ಸರಿದಷ್ಟೂ ಜನ ಬರುವುದು ಕಡಿಮೆಯಾಗುತ್ತದೆ. ಜನ ಬರದೇ ಇದ್ದಾಗ "ನಾನು ಯಾರಿಗೂ ಬೇಡವಾದೆ" ಎಂಬ ಯೋಚನೆಗೆ ಸಾಕ್ಷಿ ಸಿಕ್ಕಿದಂತಾಗುತ್ತದೆ. ಆ ಸಾಕ್ಷಿ ಸುಳ್ಳು, ಆದರೆ ಒಳಗೆ ಕೂತವರಿಗೆ ಅದು ತಿಳಿಯುವುದಿಲ್ಲ.

ಸಣ್ಣದೊಂದು ಉಪಕಾರ ಈ ಸುತ್ತನ್ನು ಮೂರು ಕಡೆ ಮುರಿಯುತ್ತದೆ. ಪಕ್ಕದ ಮನೆಯವರ ಮಾತ್ರೆ ಚೀಟಿ ಓದುವಷ್ಟು ಹೊತ್ತು ನಿಮ್ಮ ಗಮನ ನಿಮ್ಮ ಮೇಲಿಂದ ಸರಿಯುತ್ತದೆ. ಅದು ಹತ್ತೇ ನಿಮಿಷವಾದರೂ ಸುತ್ತುವ ಯೋಚನೆಗೆ ಬಿಡುವು. ಮನಸ್ಸು ಬರುವವರೆಗೂ ಕಾಯದೆ ಕಾಲು ಮುಂದಿಡುತ್ತೀರಿ, ಮನೆಯಿಂದ ಹೊರಗೆ ಬೀಳುತ್ತೀರಿ. ಮತ್ತು ಎದುರಿನವರ ಮುಖ ನೋಡಿದಾಗ, ನಾನು ಉಪಯೋಗಕ್ಕೆ ಬರುವ ಮನುಷ್ಯ ಎಂಬುದು ಕಣ್ಣಿಗೇ ಕಾಣುತ್ತದೆ. ಈ ಮೂರನೆಯದೇ ಮುಖ್ಯವೆಂದು ತೋರುತ್ತದೆ. ಕುಗ್ಗಿದ ಮನಸ್ಸು ಸಮಾಧಾನದ ಮಾತನ್ನು ನಂಬುವುದಿಲ್ಲ, ಕಣ್ಣಾರೆ ಕಂಡದ್ದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲೂ ಆಗುವುದಿಲ್ಲ. ಮೆದುಳಿನ ಮಟ್ಟದಲ್ಲೂ ಇದಕ್ಕೆ ಆಧಾರವಿದೆ: ದಾನ ಕೊಡುವಾಗ ಮೆದುಳಿನ ಚಿತ್ರ ತೆಗೆದು ನೋಡಿದರೆ, ಹಣ ಪಡೆದಾಗ ಚುರುಕಾಗುವ ಭಾಗಗಳೇ ಆಗಲೂ ಚುರುಕಾಗಿರುವುದು 2006ರಲ್ಲೇ ಪ್ರಕಟವಾಗಿದೆ.

ಅಮೆರಿಕದ ಒಹಾಯೊದಲ್ಲಿ ಡೇವಿಡ್ ಕ್ರೆಗ್ ಮತ್ತು ಜೆನಿಫರ್ ಚೀವೆನ್ಸ್ ಮಾಡಿದ ಪ್ರಯೋಗ ಇಲ್ಲಿ ತುಂಬ ಪ್ರಸ್ತುತ. ಖಿನ್ನತೆ, ಆತಂಕ, ಒತ್ತಡದ ಲಕ್ಷಣಗಳಿದ್ದ 122 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಜನರೊಡನೆ ಸೇರುವ ಕಾರ್ಯಕ್ರಮ ಹಾಕಿಕೊಂಡಿತು, ಇನ್ನೊಂದು ತನ್ನ ನಕಾರಾತ್ಮಕ ಯೋಚನೆಗಳನ್ನು ಬರೆದಿಟ್ಟು ಪರೀಕ್ಷಿಸಿತು, ಮತ್ತೊಂದು ವಾರದಲ್ಲಿ ಎರಡು ದಿನ, ದಿನಕ್ಕೆ ಮೂರು ಉಪಕಾರ ಮಾಡಿತು. ಐದು ವಾರ ಹೀಗೆ ನಡೆಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರೂ ಗುಂಪಿನವರಿಗೆ ಲಕ್ಷಣಗಳು ಇಳಿದವು. ಆದರೆ ಜನರೊಂದಿಗೆ ನಂಟು ಹೆಚ್ಚಿದೆ ಎಂಬ ಅನುಭವದಲ್ಲಿ ಉಪಕಾರದ ಗುಂಪೇ ಮುಂದಿತ್ತು. ಬರೀ ಸೇರುವುದಕ್ಕೂ ಕೊಡುವುದಕ್ಕೂ ಇರುವ ವ್ಯತ್ಯಾಸ ಇದು. ಸಮಾರಂಭದಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತವರಿಗೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂಬ ಮುಜುಗರ ಇರುತ್ತದೆ. ಅವರ ಕೈಗೇ ಪಾಯಸದ ಸೌಟು ಕೊಟ್ಟು ಬಡಿಸಲು ಬಿಟ್ಟರೆ ಆ ಮುಜುಗರ ಇಳಿಯುತ್ತದೆ. ಮನೆಯಲ್ಲಿ ಮಂಕಾಗಿ ಕೂತವರನ್ನು ಊಟಕ್ಕೆ ಕರೆಯುವಾಗ ಇದನ್ನು ನೆನಪಿಡಿ. ಅವರಿಗೆ ಮಾಡಲು ಒಂದು ಕೆಲಸ ಇಟ್ಟಿರಿ.

ಎಷ್ಟು, ಯಾವಾಗ

ಶುರು ಮಾಡುವವರಿಗೆ ಮೇಲಿನ ಅಳತೆಯೇ ಸಾಕು: ವಾರಕ್ಕೆ ಎರಡು ದಿನ, ದಿನಕ್ಕೆ ಮೂರು, ಐದು ವಾರ. ಪ್ರತಿದಿನ ಒಂದೊಂದು ಮಾಡಿದರೆ ಆಗದೇ ಎಂದು ಅನಿಸಬಹುದು. ಕ್ಯಾಲಿಫೋರ್ನಿಯಾದ ಸೋನ್ಯಾ ಲುಬೊಮಿರ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತ್ತು. ಆರು ವಾರ, ವಾರಕ್ಕೆ ಐದು ಉಪಕಾರ. ಐದನ್ನೂ ಒಂದೇ ದಿನ ಮಾಡಿದವರ ನೆಮ್ಮದಿ ಹೆಚ್ಚಿತು. ವಾರವಿಡೀ ಹಂಚಿ ಮಾಡಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹಂಚಿ ಮಾಡಿದ ಸಣ್ಣ ಕೆಲಸ ದಿನನಿತ್ಯದ ನಡವಳಿಕೆಯೊಳಗೆ ಕರಗಿಹೋಗುತ್ತದೆ, ಮಾಡಿದವರಿಗೇ ಗೊತ್ತಾಗುವುದಿಲ್ಲ.

ಮಲೆನಾಡಿನವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಬಾಗಿಲಿಗೆ ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನು ಬೇಕೆಂದು, ಕೇಳುವುದು, ಬೆಲ್ಲ ನೀರು ಕೊಡುವುದು, ಊಟದ ಹೊತ್ತಾದರೆ ಎಲೆ ಹಾಕುವುದು ಇಲ್ಲಿ ರೂಢಿ. ಒಳ್ಳೆಯ ರೂಢಿಯೇ. ಆದರೆ ರೂಢಿಯಿಂದ ಆದದ್ದನ್ನು ಮನಸ್ಸು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಮೂರು ಉಪಕಾರದ ಲೆಕ್ಕದಲ್ಲಿ ಆಸರಿಗೆಯನ್ನು ಸೇರಿಸಬೇಡಿ. ನಿನ್ನೆಯವರೆಗೆ ಮಾಡದಿದ್ದ, ಸ್ವಲ್ಪ ಸಮಯವನ್ನೋ ಶ್ರಮವನ್ನೋ ಬೇಡುವ, ಇಂಥವರಿಗೆ ಎಂದು ಯೋಚಿಸಿ ಮಾಡಿದ ಕೆಲಸವನ್ನು ಮಾತ್ರ ಸೇರಿಸಿ.

ದಿನ ಆರಿಸುವಾಗ ಪೇಟೆಗೆ ಹೋಗುವ ದಿನ ಒಂದಿರಲಿ, ಅಂದರೆ ಸಂತೆಯ ದಿನ, ಇಲ್ಲವೇ ಬ್ಯಾಂಕು, ಸೊಸೈಟಿ ಕೆಲಸದ ದಿನ. ಆ ದಿನ ಹತ್ತು ಜನ ಎದುರಾಗುತ್ತಾರೆ. ಇನ್ನೊಂದು ಮನೆಯಲ್ಲೇ ಇರುವ ದಿನವಾಗಲಿ. ಫೋನು, ಕಾಗದ, ನೆರೆಮನೆಯಲ್ಲೇ ಮುಗಿಯುವಂಥ ಕೆಲಸ ಅಂದಿಗೆ. ಹಿಂದಿನ ರಾತ್ರಿಯೇ ಮೂರನ್ನೂ ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆದಿಡಿ. "ಯಾರಿಗಾದರೂ ಸಹಾಯ ಮಾಡಬೇಕು" ಎಂದು ಬರೆದರೆ ನಡೆಯುವುದಿಲ್ಲ. ಯಾರಿಗೆ, ಏನು, ಎಷ್ಟು ಗಂಟೆಗೆ ಎಂದು ಬರೆಯಿರಿ. ಮಾಡಿ ಬಂದ ಮೇಲೆ ಎರಡೇ ಸಾಲು: ಎದುರಿನವರು ಏನೆಂದರು, ನಿಮಗೆ ಹೇಗನಿಸಿತು. ಈ ಎರಡನೇ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬಾರದು, ಏಕೆಂದರೆ ಕುಗ್ಗಿದ ಮನಸ್ಸಿಗೆ ಬೇಸರದ ಸಂಗತಿಗಳೇ ಮೊದಲು ನೆನಪಿಗೆ ಬರುತ್ತವೆ. ನಾಲ್ಕನೇ ವಾರದಲ್ಲಿ "ಇದರಿಂದ ಏನೂ ಆಗಲಿಲ್ಲ" ಎಂದು ಅದು ಹೇಳಿದಾಗ ತೋರಿಸಲು ಪುಸ್ತಕ ಬೇಕಾಗುತ್ತದೆ.

ಕೆಲಸಗಳನ್ನು ಬದಲಾಯಿಸುತ್ತಿರಿ. ವಾರವಾರವೂ ಅದೇ ಮನೆಗೆ ಅದೇ ಹಾಲು ಕೊಂಡೊಯ್ದರೆ ಮೂರನೇ ವಾರಕ್ಕೆ ಅದೂ ರೂಢಿಯ ಹಾಲಾಗುತ್ತದೆ. ಹಾಲನ್ನು ನಿಲ್ಲಿಸಬೇಕಿಲ್ಲ, ಲೆಕ್ಕಕ್ಕೆ ಹೊಸದೊಂದನ್ನು ಸೇರಿಸಿ.

ಹಣದ ವಿಷಯ ಚುಟುಕಾಗಿ ಮುಗಿಸಬಹುದು. ಕೆನಡಾದಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಕೆಲವರಿಗೆ 5 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟು, ಅರ್ಧದಷ್ಟು ಜನರಿಗೆ ತಮಗಾಗಿ, ಉಳಿದವರಿಗೆ ಬೇರೆಯವರಿಗಾಗಿ ಸಂಜೆಯೊಳಗೆ ಖರ್ಚು ಮಾಡಲು ಹೇಳಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ಬೇರೆಯವರಿಗೆ ಖರ್ಚು ಮಾಡಿದವರೇ ಸಂಜೆಗೆ ಹೆಚ್ಚು ಖುಷಿಯಾಗಿದ್ದರು, ಮೊತ್ತ ಎಷ್ಟು ಎಂಬುದು ಪರಿಣಾಮ ಬೀರಲಿಲ್ಲ. ಹತ್ತು ರೂಪಾಯಿಯ ಕಾಫಿ ಸಾಕು.

ಇಲ್ಲಿನ ಮನೆ, ಬಸ್ಸು, ಆಸ್ಪತ್ರೆಗಳಲ್ಲಿ

ಒಂಟಿ ಮನೆಯ ಹಿರಿಯರಿಂದಲೇ ಶುರು ಮಾಡೋಣ. "ಏನಾದ್ರೂ ಬೇಕಾದ್ರೆ ಹೇಳಿ" ಎನ್ನುವುದು ಎಲ್ಲರೂ ಆಡುವ ಮಾತು. ಅದಕ್ಕೆ ಸಿಗುವ ಉತ್ತರವೂ ಒಂದೇ: "ಏನೂ ಅಡ್ಡಿಲ್ಲ ಮಾರಾಯ್ರೆ, ಎಲ್ಲ ಸರಿಯಾಗೇ ಇದೆ." ಕೇಳುವ ಭಾರವನ್ನು ಅವರ ಮೇಲೆಯೇ ಹಾಕಿದರೆ ಅವರು ಕೇಳುವುದಿಲ್ಲ. ಅದರ ಬದಲು ಹಿಂದಿನ ಸಂಜೆ ಫೋನ್ ಮಾಡಿ ಹೀಗೆ ಹೇಳಿ: "ದೊಡ್ಡಮ್ಮ, ನಾಳೆ ಎಂಟೂವರೆ ಬಸ್ಸಿಗೆ ತೀರ್ಥಹಳ್ಳಿಗೆ ಹೋಗ್ತಾ ಇದ್ದೇನೆ. ನಿಮ್ಮ ಮಾತ್ರೆ ಎಷ್ಟು ಉಳಿದಿದೆ ನೋಡಿ, ಚೀಟಿ ತಗೊಂಡು ಹೋಗ್ತೇನೆ." ದಿನ, ಹೊತ್ತು, ವಸ್ತು ಮೂರೂ ಇದ್ದಾಗ ಹೂಂ ಎನ್ನುವುದು ಸುಲಭ. ಮಾತ್ರೆಯ ಹಳೆಯ ಖಾಲಿ ಸ್ಟ್ರಿಪ್ಪನ್ನೂ ಚೀಟಿಯ ಜೊತೆ ಇಸಿದುಕೊಳ್ಳಿ, ಅದರಲ್ಲಿ ಮಿಲಿಗ್ರಾಂ ಸ್ಪಷ್ಟವಾಗಿ ಇರುತ್ತದೆ. ತಂದ ಮೇಲೆ ಬಿಲ್ಲು ಮತ್ತು ಚಿಲ್ಲರೆ ಒಟ್ಟಿಗೆ ಕೊಡಿ. "ದುಡ್ಡೇನೂ ಬೇಡ" ಎಂದು ದೊಡ್ಡ ಮನಸ್ಸು ತೋರಿಸಿದಿರೋ, ಮುಂದಿನ ತಿಂಗಳು ಮಾತ್ರೆ ಮುಗಿದರೂ ನಿಮಗೆ ಹೇಳುವುದಿಲ್ಲ.

ಮಳೆ ಹಿಡಿಯುವ ಮೊದಲು ಮಾಡುವ ಕೆಲಸಗಳಿಗೆ ಬೆಲೆ ಹೆಚ್ಚು. ಹಿರಿಯರ ಮನೆಯ ಅಂಗಳ, ಬಚ್ಚಲ ಹಾದಿ, ಬಾವಿಕಟ್ಟೆಯ ಮೆಟ್ಟಿಲಲ್ಲಿ ಹಾವಸೆ ಕಟ್ಟಿದರೆ ಜಾರಿ ಬೀಳುವುದು ಖಂಡಿತ, ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಓಡಾಡುವುದು ಕಷ್ಟ. ಗಟ್ಟಿ ಪೊರಕೆಯಿಂದ ಉಜ್ಜಿ, ಮಳೆಯಿಲ್ಲದ ದಿನ ಬ್ಲೀಚಿಂಗ್ ಪುಡಿ ಹಾಕಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ; ಬಾವಿಯ ಪಕ್ಕದಲ್ಲಿ ಮಾತ್ರ ಪುಡಿ ಬೇಡ, ಉಜ್ಜಿದರೆ ಸಾಕು. ನಡೆಯುವ ಜಾಗಕ್ಕೆ ಅಡಿಕೆ ದಬ್ಬೆ ಹಾಸಿಕೊಡಿ. ಕಾಲುಸಂಕಕ್ಕೆ ಕೈಹಿಡಿಗೆ ಬಿದಿರು ಕಟ್ಟುವುದಿದ್ದರೆ ಮೇ ತಿಂಗಳಲ್ಲೇ ಕಟ್ಟಿ. ಇಂಥ ಕೆಲಸಕ್ಕೆ ಇಬ್ಬರು ಹೋದರೆ ಒಳ್ಳೆಯದು. ಒಂದು ಬೆಳಗಿನ ಶ್ರಮದಲ್ಲಿ ಮಾಡಿದವರಿಬ್ಬರಿಗೂ ಆ ಮನೆಯವರಿಗೂ ಲಾಭ.

ಕರೆಂಟು ಹೋದ ದಿನಗಳಲ್ಲಿ, ಯುಪಿಎಸ್ಸೋ ಸೋಲಾರೋ ಇರುವ ಮನೆಯವರು ಸುತ್ತಲಿನ ಎರಡು ಮೂರು ಮನೆಯ ಫೋನುಗಳನ್ನು ಚಾರ್ಜ್ ಮಾಡಿಕೊಡಬಹುದು. ಫೋನು ಮರಳಿಸುವಾಗ ಅವರ ಮಗನಿಗೋ ಮಗಳಿಗೋ ನೆಟ್‌ವರ್ಕ್ ಸಿಗುವ ಗುಡ್ಡದ ಮೇಲಿಂದ ಒಂದು ಸಂದೇಶ ಕಳಿಸಿ: ಅಪ್ಪ ಅಮ್ಮ ಕ್ಷೇಮ, ಕರೆಂಟು ಇಲ್ಲ, ಗಾಬರಿ ಬೇಡ. ಬೆಂಗಳೂರಿನಲ್ಲಿ ಕೂತು ಎರಡು ದಿನ ಫೋನ್ ತಾಗದೆ ಒದ್ದಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸೊರಬ, ಹೊಸನಗರ, ಶಿಕಾರಿಪುರದ ಹಳ್ಳಿಗಳಿಂದ ಬರುವವರಲ್ಲಿ ರೋಗಿಗಿಂತ ಜೊತೆಗೆ ಬಂದವರ ಪಾಡು ಕಷ್ಟ. ಯಾವ ಕಿಟಕಿಯಲ್ಲಿ ಚೀಟಿ, ಎಲ್ಲಿ ರಕ್ತಪರೀಕ್ಷೆ, ಎಲ್ಲಿ ಔಷಧಿ ಎಂಬುದೇ ತಿಳಿಯದೆ ಅರ್ಧ ದಿನ ಹೋಗುತ್ತದೆ. ನಗರದಲ್ಲಿರುವವರು ಮಾಡಬಹುದಾದದ್ದು ಸರಳ: ಪರಿಚಯದವರು ದಾಖಲಾದಾಗ ಹಣ್ಣಿನ ಚೀಲ ಹಿಡಿದು ಹತ್ತು ನಿಮಿಷ ನಿಂತು ಬರುವ ಬದಲು, ಎರಡು ಗಂಟೆ ರೋಗಿಯ ಪಕ್ಕ ಕೂತು ಜೊತೆಗಿದ್ದವರನ್ನು ಸ್ನಾನಕ್ಕೆ, ಊಟಕ್ಕೆ, ಒಂದು ನಿದ್ದೆಗೆ ಕಳಿಸಿ. ಫ್ಲಾಸ್ಕಿನಲ್ಲಿ ಬಿಸಿನೀರು, ಒಂದು ಚಾರ್ಜರ್, ಹೊದೆಯಲು ಕಂಬಳಿ ಕೊಂಡೊಯ್ದರೆ ಹಣ್ಣಿಗಿಂತ ಹೆಚ್ಚು ಉಪಯೋಗ. ರೋಗಿಗೆ ತಿನ್ನಲು ಏನನ್ನೂ ನರ್ಸನ್ನು ಕೇಳದೆ ಕೊಡಬೇಡಿ. ಸಕ್ಕರೆ ಕಾಯಿಲೆ ಇರಬಹುದು, ಮರುದಿನದ ಆಪರೇಷನ್ನಿಗೆ ಹೊಟ್ಟೆ ಖಾಲಿ ಇಡಲು ಹೇಳಿರಬಹುದು.

ಬಸ್ಸಿನಲ್ಲಿ, ಅಂಗಡಿಯಲ್ಲಿ, ಪಂಚಾಯಿತಿ ಕಚೇರಿಯಲ್ಲಿ ಮಾತೇ ಮುಖ್ಯ. ಘಾಟಿಯ ತಿರುವುಗಳಲ್ಲಿ ದಿನಾ ಬಸ್ಸು ಓಡಿಸುವ ಡ್ರೈವರಿಗೆ ಇಳಿಯುವಾಗ ಒಂದು ಮಾತು ಹೇಳುವವರು ಎಷ್ಟು ಜನ? ಹೊಗಳುವಾಗ ಕೆಲಸವನ್ನು ಹೆಸರಿಸಿ ಹೇಳಿ. "ಚೆನ್ನಾಗಿ ಮಾಡಿದ್ರಿ" ಎಂದರೆ ಕೇಳಿ ಮರೆಯುತ್ತಾರೆ. "ಆ ಮಂಜಿನಲ್ಲಿ ನಿಧಾನಕ್ಕೆ ತಂದ್ರಲ್ಲ, ನನಗೆ ಧೈರ್ಯ ಬಂತು" ಎಂದರೆ ಅವರು ಸಂಜೆ ಮನೆಗೆ ಹೋಗಿ ಹೇಳಿಕೊಳ್ಳುತ್ತಾರೆ. ಹೇಳಲು ಸಂಕೋಚವಾಗುವುದು ಸಹಜ, ಆದರೆ ಆ ಸಂಕೋಚದ ಲೆಕ್ಕ ತಪ್ಪು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಷಿಕಾಗೊದ ಉದ್ಯಾನವೊಂದರ ಐಸ್ ಸ್ಕೇಟಿಂಗ್ ಜಾಗದಲ್ಲಿ ಜನರಿಂದ ಅಪರಿಚಿತರಿಗೆ ಬಿಸಿ ಚಾಕೊಲೇಟ್ ಪಾನೀಯ ಕೊಡಿಸಿದರು. ಕೊಟ್ಟವರು ತಮ್ಮ ಕೆಲಸ ಸಣ್ಣದು, ಅಂಥ ಪರಿಣಾಮವೇನೂ ಆಗದು ಎಂದುಕೊಂಡರು. ಪಡೆದವರಿಗಾದ ಸಂತೋಷ ಅವರ ಅಂದಾಜಿಗಿಂತ ಹೆಚ್ಚಿತ್ತು. 2022ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಕೊಡುವವರು ವಸ್ತುವನ್ನು ನೋಡುತ್ತಾರೆ, ಪಡೆಯುವವರಿಗೆ ಅದರೊಳಗಿನ ಅಕ್ಕರೆಯೂ ತಲುಪುತ್ತದೆ. ನಾವು ಸುಮ್ಮನಿದ್ದುಬಿಡುವುದು ಈ ತಪ್ಪು ಅಂದಾಜಿನಿಂದಲೇ.

ಅಡಿಕೆ ಕೊಯ್ಲಿನ ದಿನಗಳಲ್ಲಿ ಒಂದು ಎಚ್ಚರ ಅಗತ್ಯ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರಿಗೆ, ಸುಲಿಯಲು ಬಂದವರಿಗೆ, ಹೊರಗಿನಿಂದ ಬಂದು ತೋಟದಲ್ಲಿ ದುಡಿಯುವವರಿಗೆ ಹೊತ್ತಿಗೆ ಸರಿಯಾಗಿ ಕೂಲಿ ಕೊಡುವುದು ಉಪಕಾರದ ಪಟ್ಟಿಗೆ ಸೇರುವುದಿಲ್ಲ, ಅದು ಸಲ್ಲಬೇಕಾದ ಬಾಕಿ. ಬಾಕಿ ಇಟ್ಟುಕೊಂಡು ಬಿಸಿ ಕಾಫಿ ಕೊಟ್ಟರೆ ಕುಡಿದವರಿಗೆ ನೆಮ್ಮದಿ ಇರದು, ಕೊಟ್ಟವರಿಗೂ ಇರಬಾರದು. ಕೂಲಿ ಮುಗಿಸಿದ ಮೇಲಿನದು ಉಪಕಾರ: ಮಗುವಿಗೆ ಜ್ವರ ಬಂದಾಗ ಆರೋಗ್ಯ ಕೇಂದ್ರದವರೆಗೆ ಬೈಕಿನಲ್ಲಿ ಬಿಡುವುದು, ಬ್ಯಾಂಕಿನ ಫಾರಂ ತುಂಬಿಕೊಡುವುದು.

ಕೆಡುವುದು ಎಲ್ಲಿ

ಬಲವಂತದಿಂದ ಮಾಡಿದ ಉಪಕಾರ ಮಾಡಿದವರಿಗೆ ನೆಮ್ಮದಿ ತರುವುದಿಲ್ಲ. ನೆಟ್ಟಾ ವೈನ್‌ಸ್ಟೈನ್ ಮತ್ತು ರಿಚರ್ಡ್ ರಯಾನ್ 2010ರಲ್ಲಿ ತೋರಿಸಿದ್ದು ಇದನ್ನೇ: ತಾನಾಗಿ ಆರಿಸಿಕೊಂಡು ಮಾಡಿದಾಗ ಮಾತ್ರ ಲಾಭ, ಒತ್ತಡಕ್ಕೆ, ಅಪವಾದದ ಭಯಕ್ಕೆ ಮಾಡಿದಾಗ ಇಲ್ಲ. ನಮ್ಮಲ್ಲಿ ಈ ಒತ್ತಡಕ್ಕೆ ದಾಕ್ಷಿಣ್ಯ ಎನ್ನುತ್ತೇವೆ, ಮತ್ತು ಅದರ ಹೆಚ್ಚಿನ ಪಾಲು ಹೆಂಗಸರ ಮೇಲೆ ಬೀಳುತ್ತದೆ. ಮನೆಗೆ ಬಂದ ಹತ್ತು ಜನರಿಗೆ ಅಡಿಗೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಕೊಟ್ಟಿಗೆ ಕೆಲಸ ಎಲ್ಲವನ್ನೂ ಹೊತ್ತ ಸೊಸೆಗೆ "ಇನ್ನಷ್ಟು ಒಳ್ಳೆಯವಳಾಗಿರು" ಎಂದು ಹೇಳುವುದು ಕ್ರೌರ್ಯ. ಅವರು ಉಪಕಾರ ಮಾಡಬೇಕಾದವರ ಪಟ್ಟಿಯಿಂದ ತೆಗೆದು, ಉಪಕಾರ ಸಲ್ಲಬೇಕಾದವರ ಪಟ್ಟಿಗೆ ಹಾಕಬೇಕಾದವರು. ಇಂಥ ಮನೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ನಾದಿನಿಯೋ, ಮೈದುನನೋ, ಪಕ್ಕದ ಮನೆಯವರೋ ರೋಗಿಯ ಪಕ್ಕ ಕೂತು ಅವರನ್ನು ಮೂರು ಗಂಟೆ ಹೊರಗೆ ಕಳಿಸಬೇಕು.

ನೀವು ದಣಿಯುತ್ತಿದ್ದೀರೆಂದು ತಿಳಿಯುವುದು ಹೀಗೆ: ಸಹಾಯ ಕೇಳಿ ಫೋನ್ ಬಂದರೆ ಸಿಟ್ಟು ಬರುತ್ತದೆ, ಮಾಡಿದ ಮೇಲೆ ಅದನ್ನು ನಾಲ್ಕು ಜನರ ಮುಂದೆ ಎಣಿಸಿ ಹೇಳುವಂತಾಗುತ್ತದೆ, ನಿದ್ದೆ ಕಡಿಮೆಯಾಗುತ್ತದೆ. ಆಗ ಎರಡು ವಾರ ನಿಲ್ಲಿಸಿ. ಇಲ್ಲವೆನ್ನಲು ಬಾಯಿ ಬಾರದವರು ಅವಧಿ ಹೇಳಿ ತಪ್ಪಿಸಿಕೊಳ್ಳಬಹುದು: "ಈ ವಾರ ಆಗುವುದಿಲ್ಲ, ಬರುವ ಸೋಮವಾರ ಒಂದು ಗಂಟೆ ಬರ್ತೇನೆ."

ಇನ್ನೊಂದು ತಪ್ಪು, ಅವರು ತಾವೇ ಮಾಡಬಲ್ಲ ಕೆಲಸವನ್ನು ಕಿತ್ತುಕೊಳ್ಳುವುದು. ಎಂಬತ್ತರ ಅಜ್ಜ ದಿನಾ ಸಂಜೆ ಹೂವಿನ ಗಿಡಕ್ಕೆ ನೀರು ಹಾಕುತ್ತಾರೆಂದರೆ ಕೊಡ ಅವರ ಕೈಯಲ್ಲೇ ಇರಲಿ. ಬೇಕಾದರೆ ಸಣ್ಣ ಕೊಡ ತಂದುಕೊಡಿ. ಮಾಡಿದ್ದನ್ನು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದಂತೂ ಬೇಡವೇ ಬೇಡ. ಸಹಾಯ ಪಡೆದವರ ಬಡತನವನ್ನೋ ಕಾಯಿಲೆಯನ್ನೋ ಊರಿಗೆಲ್ಲ ತೋರಿಸಿದಂತಾಗುತ್ತದೆ.

ಮುಯ್ಯಿ ಮತ್ತು ಹಂಗು

ಮಲೆನಾಡಿನಲ್ಲಿ ಪರಸ್ಪರ ಸಹಾಯಕ್ಕೆ ಹಳೆಯ ವ್ಯವಸ್ಥೆಯೊಂದಿದೆ, ಮುಯ್ಯಾಳು. ನಟ್ಟಿಗೆ, ಅಡಿಕೆ ಸುಲಿಯಲು ನಿಮ್ಮ ಮನೆಯಿಂದ ಇಬ್ಬರು ನಮ್ಮಲ್ಲಿಗೆ ಬಂದರೆ, ನಿಮ್ಮ ಸರದಿ ಬಂದಾಗ ನಮ್ಮಿಂದ ಇಬ್ಬರು. ಕೂಲಿಯಾಳು ಸಿಗದ ಕಡೆ ಇದು ಕೆಲಸವನ್ನೂ ಉಳಿಸಿತು, ಮಾತುಕತೆಯನ್ನೂ ಉಳಿಸಿತು. ಸುಲಿಯುವ ಮೆಟ್ಟುಗತ್ತಿಯ ಸುತ್ತ ಕೂತ ರಾತ್ರಿಗಳಲ್ಲಿ ಆಡಿದಷ್ಟು ಮಾತನ್ನು ಜನ ಬೇರೆಲ್ಲೂ ಆಡುತ್ತಿರಲಿಲ್ಲ. ಸುಲಿಯುವ ಯಂತ್ರ ಬಂದ ಮೇಲೆ ಹಲವು ಕಡೆ ಆ ಕೂಟವೇ ಹೋಯಿತು, ಅದರ ಜಾಗಕ್ಕೆ ಬೇರೇನೂ ಬಂದಿಲ್ಲ.

ಆದರೆ ಮುಯ್ಯಿಗೆ ಲೆಕ್ಕ ಉಂಟು, ತೀರಿಸಲೇಬೇಕು. ಮಕ್ಕಳು ಊರು ಬಿಟ್ಟ, ಮೈಯಲ್ಲಿ ಕಸುವಿಲ್ಲದ ಮನೆಯವರು ತೀರಿಸುವುದು ಹೇಗೆ? ತೀರಿಸಲಾಗದು ಎಂದು ತಿಳಿದ ದಿನದಿಂದ ಅವರು ಕೇಳುವುದನ್ನೇ ಬಿಡುತ್ತಾರೆ. ಯಾರ ಹಂಗೂ ಬೇಡ ಎನ್ನುತ್ತಾರೆ. ಹಿರಿಯರ ಒಂಟಿತನದ ದೊಡ್ಡ ಪಾಲು ಇಲ್ಲಿದೆ. ಜನ ಇಲ್ಲದಿರುವುದಕ್ಕಿಂತ, ಇರುವ ಜನರನ್ನು ಕೇಳಲಾಗದಿರುವುದು ಅವರನ್ನು ಹೆಚ್ಚು ಕುಗ್ಗಿಸುತ್ತದೆ.

ಇದಕ್ಕೆ ಉಪಾಯ, ಅವರಿಂದಲೂ ಏನನ್ನಾದರೂ ಪಡೆಯುವುದು. ಸುಮ್ಮನೆ ನೆಪಕ್ಕಲ್ಲ, ಅವರ ಬಳಿ ನಿಜವಾಗಿ ಇರುವುದನ್ನು. ಅಪ್ಪೆಮಿಡಿಗೆ ಉಪ್ಪು ಎಷ್ಟು, ಎಷ್ಟು ದಿನ ಬಿಡಬೇಕು ಎಂಬುದು ಆ ಅಜ್ಜಿಗೆ ಗೊತ್ತು. ಯಾವ ಗದ್ದೆಗೆ ಎಲ್ಲಿಂದ ನೀರು ಬರುತ್ತಿತ್ತು, ಯಾವ ಜಾಗದ ಗಡಿ ಎಲ್ಲಿ ಎಂಬುದು ಅಜ್ಜನ ನೆನಪಿನಲ್ಲಿದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಮುಳುಗಿ ಎದ್ದುಬಂದ ಹಿರಿಯರು ಸಾಗರ, ಹೊಸನಗರ, ಶಿವಮೊಗ್ಗದ ಸುತ್ತ ಇನ್ನೂ ಇದ್ದಾರೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಹದಿನೈದು ಇಪ್ಪತ್ತರ ಹರೆಯದಲ್ಲಿದ್ದವರು. ಅವರ ಪಕ್ಕ ಕೂತು, ಮುಳುಗಿದ ಊರಿನ ಮನೆಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುವುದು ನೀವು ಅವರಿಗೆ ಮಾಡಿದ ಉಪಕಾರವೋ, ಅವರು ನಿಮಗೆ ಮಾಡಿದ್ದೋ ಹೇಳುವುದು ಕಷ್ಟ. ಅಜ್ಜಿ ಹಲಸಿನ ಹಪ್ಪಳದ ಕಟ್ಟು ಕೊಟ್ಟರೆ ಬೇಡವೆನ್ನದೆ ತೆಗೆದುಕೊಳ್ಳಿ. ಒಂದು ವಾರದೊಳಗೆ ಫೋನ್ ಮಾಡಿ ಹೇಗಿತ್ತೆಂದು ಹೇಳಿ. ಸಂಕೋಚದಿಂದ ಬೇಡವೆಂದರೆ ಅವರ ಕೈಯಿಂದ ಕೊಡುವ ಅವಕಾಶವನ್ನೇ ತೆಗೆದಂತೆ.

ನಿಮಗೂ ಇದೇ ಮಾತು. ಐದು ವಾರದ ಪುಸ್ತಕದಲ್ಲಿ ವಾರಕ್ಕೊಮ್ಮೆಯಾದರೂ, ಬೇರೆಯವರಿಂದ ಏನು ಪಡೆದೆ ಎಂಬ ಸಾಲು ಇರಲಿ. ಆಲಿವರ್ ಕರಿ ಅವರು ಲೀ ರೋಲಂಡ್ ಜೊತೆ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಏಳು ದಿನ ಆಪ್ತರಿಗೆ ಉಪಕಾರ ಮಾಡಿದವರಿಗೂ, ಅಷ್ಟಾಗಿ ಪರಿಚಯವಿಲ್ಲದವರಿಗೆ ಮಾಡಿದವರಿಗೂ, ತಮಗೆ ತಾವೇ ಅಕ್ಕರೆ ತೋರಿದವರಿಗೂ, ಬರೀ ಬೇರೆಯವರ ಒಳ್ಳೆಯತನವನ್ನು ಗಮನಿಸಿದವರಿಗೂ ಖುಷಿ ಹೆಚ್ಚಿತ್ತು. ಹಾಸಿಗೆ ಹಿಡಿದವರು, ಹೊರಗೆ ಹೋಗಲಾಗದವರು ಈ ಕೊನೆಯದನ್ನು ಮಾಡಬಹುದು: ದಿನದಲ್ಲಿ ಕಂಡ ಇಂಥ ಎರಡು ಸಂಗತಿಗಳನ್ನು ಗಮನಿಸಿ, ಸಂಜೆ ಯಾರಿಗಾದರೂ ಹೇಳುವುದು.

ಉಪಕಾರದಿಂದ ವಾಸಿಯಾಗದ್ದು

ಎರಡು ವಾರಕ್ಕೂ ಮಿಕ್ಕಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ನಿದ್ದೆ ಊಟ ಕೆಟ್ಟರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಅಂಥವರಿಗೆ "ನಾಲ್ಕು ಜನಕ್ಕೆ ಒಳ್ಳೆಯದು ಮಾಡು, ಸರಿಹೋಗುತ್ತದೆ" ಎಂದು ಹೇಳಬೇಡಿ. ಮಾಡಲಾಗದೆ ಹೋದಾಗ ತಾನು ಕೆಟ್ಟವನೆಂಬ ಭಾವನೆಯೂ ಸೇರಿಕೊಳ್ಳುತ್ತದೆ. ಮಾನಸಿಕ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡುವುದನ್ನು ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ತಮ್ಮ ಬರಹ, ಸಿನಿಮಾಗಳ ಮೂಲಕ ಹತ್ತಾರು ವರ್ಷ ಕಲಿಸಿದರು. ಆ ಜಿಲ್ಲೆಯಲ್ಲಿ ಇನ್ನೂ ಮುಚ್ಚಿಡುವ ಅಗತ್ಯವಿಲ್ಲ.

ಸಾಯುವ ಮಾತಾಡಿದವರನ್ನು ನೇರವಾಗಿ ಕೇಳಿ: "ಜೀವ ಕಳಕೊಳ್ಳೋ ಯೋಚನೆ ಬರ್ತಾ ಇದೆಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಒಬ್ಬರೇ ಇರಲು ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಕಳೆನಾಶಕಗಳನ್ನು ಅಂದೇ ಬೇರೆ ಮನೆಗೆ ಸಾಗಿಸಿ, ಬೀಗದೊಳಗೆ ಇಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮೆಗ್ಗಾನ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ತಪಾಸಣೆ ನಡೆಯುತ್ತದೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ವೈದ್ಯರು ಬರುವ ದಿನ ಕೇಳಿಕೊಳ್ಳಿ.

"ಹೋಗಿ ತೋರಿಸಿಕೊಂಡು ಬಾ" ಎಂದರೆ ಅವರು ಹೋಗುವುದಿಲ್ಲ, ಜೊತೆಗೆ ಹೋಗಬೇಕು. ಬೆಳಗಿನ ಮೊದಲ ಬಸ್ಸಿಗೆ ಹೊರಡಿ. ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಆಧಾರ್, ರೇಷನ್ ಕಾರ್ಡು, ಒಂದು ಬುತ್ತಿ ಇರಲಿ. ವೈದ್ಯರ ಮುಂದೆ ಅವರ ಪರವಾಗಿ ನೀವೇ ಎಲ್ಲ ಹೇಳಬೇಡಿ, ಅವರು ಬಿಟ್ಟದ್ದನ್ನು ಮಾತ್ರ ಸೇರಿಸಿ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಅದಕ್ಕಿಂತ ಹೆಚ್ಚು ಬೇಕು. ಮೊದಲ ವಾರದಲ್ಲಿ ಹೊಟ್ಟೆ ತೊಳಸು, ತಲೆಭಾರ ಬಂದು "ಇದು ನನಗೆ ಆಗಲ್ಲ" ಎಂದು ಬಿಟ್ಟುಬಿಡುವವರೇ ಹೆಚ್ಚು. ಆ ಮೊದಲ ಹತ್ತು ದಿನ ರಾತ್ರಿ ಊಟದ ಹೊತ್ತಿಗೆ ಒಂದು ಫೋನ್ ಮಾಡಿ, ತೊಂದರೆ ಹೆಚ್ಚಾದರೆ ಮಾತ್ರೆ ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಿಸಿ, ಮತ್ತು ಮರುಭೇಟಿಯ ತಾರೀಕನ್ನು ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಡಿ.